ಆಮೆಯ ನೆಲ, ಶಾಲೆಯ ಹಣ

ಧರ್ಮಾರ್ಥವಾಗಿ ಬಿಟ್ಟ ಆಸ್ತಿಯ ಆಡಳಿತವನ್ನು ಕೆಲವು ವರ್ಷಗಳಾದರೂ ನೋಡಿಕೊಂಡವರಿಗೆ ಒಂದು ಸಂಕಟದ ಪರಿಚಯವಿರುತ್ತದೆ. ಒಳ್ಳೆಯ ಕೆಲಸವೊಂದು ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಕೊಡಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಕೊಡಲು ಕೈಯಲ್ಲಿರುವುದು ತನ್ನದಲ್ಲ. ಬಹಳ ವರ್ಷಗಳ ಹಿಂದೆ ಬಸದಿಯೊಂದರ ಲೆಕ್ಕಪತ್ರಗಳನ್ನು ನಾನು ನೋಡಿಕೊಳ್ಳುತ್ತಿದ್ದಾಗ, ದಾನಿಯೊಬ್ಬರು ನಂದಾದೀಪದ ವೆಚ್ಚಕ್ಕೆಂದು ಬರೆದುಕೊಟ್ಟಿದ್ದ ಎರಡು ಎಕರೆ ಗದ್ದೆಯನ್ನು ಮಕ್ಕಳ ಆಟದ ಮೈದಾನಕ್ಕೆ ಬಿಟ್ಟುಕೊಡಬೇಕೆಂಬ ಸೂಚನೆ ಬಂತು. ಮೈದಾನ ಬೇಡವೆಂದು ನಾನು ಹೇಳಲಿಲ್ಲ; ಅಷ್ಟೇ ಬೆಲೆ ಬಾಳುವ ಬೇರೊಂದು ಗದ್ದೆಯನ್ನು ಬಸದಿಗೆ ಕೊಡಿಸಿರಿ ಎಂದೆ. ಅಂದಿನ ಸಭೆಯಲ್ಲಿ ಅದನ್ನು ಅಂಗಡಿಯ ಬುದ್ಧಿ ಎಂದವರುಂಟು. ನಾನು ಅಂಗಡಿಯವನೇ ಆದುದರಿಂದ ಆ ಮಾತಿಗೆ ಬೇಸರಿಸಲಿಲ್ಲ. ದಾನಿಯು ತೀರಿಕೊಂಡಿದ್ದರು, ಅವರ ಪರವಾಗಿ ಮಾತನಾಡುವವರು ಆ ಸಭೆಯಲ್ಲಿ ಲೆಕ್ಕಪತ್ರ ಹಿಡಿದವನ ಹೊರತು ಬೇರಾರೂ ಇರಲಿಲ್ಲ.

ಇದೇ ಸಂಕಟವು ಎರಡೆಕರೆಯಲ್ಲಿ ಅಲ್ಲ, ಸಾವಿರಾರು ಎಕರೆಗಳಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ಯೂಟಾ ರಾಜ್ಯದ ಒಂದು ಸ್ಥಳೀಯ ಆಡಳಿತಕ್ಕೆ ಎದುರಾಯಿತು. ಅಲ್ಲಿ ಬಾಗಿಲಿಗೆ ಬಂದು ನಿಂತದ್ದು ಒಂದು ನೆಲಾಮೆ. ಆಮೆಗೆ ಬೇಕಾಗಿದ್ದ ನೆಲದ ಒಂದು ಪಾಲು ಶಾಲಾ ಮಕ್ಕಳ ಹೆಸರಿನ ಆಸ್ತಿಯಾಗಿತ್ತು. ಜೀವದಯೆಯೂ ಧರ್ಮದರ್ಶಿಯ ಕರ್ತವ್ಯವೂ ಪರಸ್ಪರ ಎದುರುಬದುರಾದಾಗ ಅಲ್ಲಿಯ ಜನ ಹಿಡಿದ ದಾರಿ ಭೂಮಿಯ ವಿನಿಮಯ. ಆ ವಿನಿಮಯದ ಕಥೆಯನ್ನು ಅದರ ಕುಂದುಕೊರತೆಗಳ ಸಹಿತವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಯೂಟಾ ರಾಜ್ಯದ ನೈರುತ್ಯ ಮೂಲೆಯಲ್ಲಿ ವಾಷಿಂಗ್ಟನ್ ಕೌಂಟಿ ಎಂಬ ಪ್ರದೇಶವಿದೆ. ಹೆಸರು ಕೇಳಿ ಅದನ್ನು ಆ ದೇಶದ ರಾಜಧಾನಿಯೆಂದು ಭಾವಿಸಬಾರದು. ಎರಡಕ್ಕೂ ಸಾವಿರಾರು ಮೈಲಿಗಳ ಅಂತರ. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ. ಆದರೆ ಅದಕ್ಕೆ ಚುನಾಯಿತರಾದ ಮೂವರ ಆಡಳಿತ ಮಂಡಳಿಯಿದ್ದು, ಕಟ್ಟಡಗಳಿಗೆ ಪರವಾನಗಿ ಕೊಡುವ, ಶುಲ್ಕ ವಿಧಿಸುವ ಅಧಿಕಾರಗಳಿವೆ. 1861ರಲ್ಲಿ ಮಾರ್ಮನ್ ಪಂಥದ ನಾಯಕ ಬ್ರಿಗಮ್ ಯಂಗ್ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಹತ್ತಿ ಬೆಳೆಯಲೆಂದು ಅಲ್ಲಿಗೆ ಕಳುಹಿಸಿದನು. ಅವರು ಕಟ್ಟಿದ ಊರು ಸೇಂಟ್ ಜಾರ್ಜ್. ವರ್ಷಕ್ಕೆ ಎಂಟು ಅಂಗುಲದಷ್ಟು ಮಾತ್ರ ಮಳೆ ಬೀಳುವ ಸೀಮೆಯದು. ಊರಿನ ಉತ್ತರಕ್ಕೆ ಕೆಂಪು ಮರಳುಗಲ್ಲಿನ ಗುಡ್ಡಗಳ ಸಾಲು. ಮೊಹಾವಿ ಮರುಭೂಮಿಯು ತನ್ನ ಈಶಾನ್ಯದ ಕೊನೆಯ ಅಂಚನ್ನು ಅಲ್ಲಿ ಕಾಣುತ್ತದೆ. ಹತ್ತಿಯ ಬೆಳೆ ಬಹುಕಾಲ ನಿಲ್ಲಲಿಲ್ಲ. ಆದರೆ ಚಳಿಗಾಲದ ಹಿತವಾದ ಬಿಸಿಲನ್ನು ಅರಸಿ ಬಂದ ನಿವೃತ್ತರಿಂದಲೂ ಅವರ ಹಿಂದೆ ಬಂದ ವ್ಯಾಪಾರಗಳಿಂದಲೂ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಊರು ಉಕ್ಕಿ ಹರಿಯಿತು. 1970ರ ಜನಗಣತಿಯಲ್ಲಿ ಇಡೀ ಕೌಂಟಿಯಲ್ಲಿದ್ದವರು 13,669 ಮಂದಿ, 1990ರಲ್ಲಿ 48,560, 2020ರಲ್ಲಿ 1,80,279. ಐವತ್ತು ವರ್ಷಗಳಲ್ಲಿ ಹದಿಮೂರು ಪಟ್ಟು! ಇಷ್ಟು ಜನರಿಗೆ ಮನೆ ಬೇಕು, ರಸ್ತೆ ಬೇಕು, ನೀರು ಬೇಕು. ಊರು ಬೆಳೆಯಲು ಹೊರಟದ್ದು ಆ ಕೆಂಪು ಗುಡ್ಡಗಳ ಬುಡದತ್ತ.

ಆ ಬುಡದಲ್ಲಿಯೇ ನೆಲಾಮೆಗಳಿದ್ದವು. ಮೊಹಾವಿ ಮರುಭೂಮಿಯ ಈ ಆಮೆಯು ತನ್ನ ಆಯುಷ್ಯದ ನೂರಕ್ಕೆ ತೊಂಬತ್ತೈದು ಪಾಲನ್ನು ತಾನು ತೋಡಿದ ಬಿಲದಲ್ಲಿಯೋ ಕಲ್ಲಿನ ಸಂದಿಯಲ್ಲಿಯೋ ಕಳೆಯುತ್ತದೆ. ವಸಂತದಲ್ಲಿ ಮಳೆ ಬಿದ್ದು ಹೂಗಿಡಗಳು ಚಿಗುರಿದಾಗ ಹೊರಬಂದು ಮೇಯುತ್ತದೆ. ಕುಡಿದ ನೀರನ್ನು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ಕೂಡಿಟ್ಟುಕೊಂಡು ಬರಗಾಲವನ್ನು ದಾಟುತ್ತದೆ. ಇಂಥ ಮಿತವ್ಯಯಿಯನ್ನು ನಾನು ಬೇರೆ ಕಂಡಿಲ್ಲ. ಆದರೆ ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ಹೆದರಿಕೆಯಿಂದ ಆ ನೀರನ್ನೆಲ್ಲ ಚೆಲ್ಲಿಬಿಡುತ್ತದೆ. ಮುಂದಿನ ಮಳೆಯವರೆಗೆ ಅದರ ಜೀವ ಉಳಿಯುವುದು ಅನುಮಾನ. ಪ್ರೀತಿಯಿಂದ ಎತ್ತಿದರೂ ಅಷ್ಟೇ. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಬದುಕಬಲ್ಲ ಈ ಪ್ರಾಣಿ ಸಂತಾನಕ್ಕೆ ಯೋಗ್ಯವಾಗಲು ಹದಿನೈದರಿಂದ ಇಪ್ಪತ್ತು ವರ್ಷ ಬೇಕು. ಮೊಟ್ಟೆಯಿಂದ ಹೊರಬಂದ ಮರಿಗಳ ಚಿಪ್ಪು ಮೆದುವಾಗಿದ್ದು, ಬಹುಪಾಲು ಕಾಗೆ ಜಾತಿಯ ದೊಡ್ಡ ಹಕ್ಕಿಗಳಿಗೆ ಆಹಾರವಾಗುತ್ತವೆ. ಜನವಸತಿ ಹೆಚ್ಚಿದಂತೆ ಕಸ ಹೆಚ್ಚಿತು. ಕಸ ಹೆಚ್ಚಿದಂತೆ ಆ ಹಕ್ಕಿಗಳೂ ಹೆಚ್ಚಿದವು. ದನಗಳ ಮೇವು, ಮರಳಿನಲ್ಲಿ ಓಡಿಸುವ ವಾಹನಗಳು, ರಸ್ತೆಗಳು, ಉಸಿರಾಟದ ಒಂದು ಸಾಂಕ್ರಾಮಿಕ ರೋಗ, ಎಲ್ಲವೂ ಸೇರಿ ಆಮೆಗಳು ಕ್ಷೀಣಿಸಿದವು. 1980ರಲ್ಲಿ ಯೂಟಾದ ಬೀವರ್ ಡ್ಯಾಮ್ ಇಳಿಜಾರಿನ ಆಮೆಗಳನ್ನು ಮಾತ್ರ ರಕ್ಷಿತ ಪಟ್ಟಿಗೆ ಸೇರಿಸಿದ್ದರು. 1989ರ ಆಗಸ್ಟಿನಲ್ಲಿ ಕೊಲರಾಡೋ ನದಿಯ ಉತ್ತರ ಹಾಗೂ ಪಶ್ಚಿಮಕ್ಕಿರುವ ಆಮೆಗಳೆಲ್ಲವನ್ನೂ ತುರ್ತು ಆಜ್ಞೆಯ ಮೂಲಕ ವಿನಾಶದಂಚಿನವೆಂದು ಸಾರಲಾಯಿತು. ಆ ಆಜ್ಞೆಯ ಅವಧಿ ಮುಗಿಯುತ್ತಲೇ, 1990ರ ಏಪ್ರಿಲ್ 2ರಂದು, ಅಪಾಯಕ್ಕೊಳಗಾದ ಜೀವಿಯೆಂದು ಕಾಯಂ ಪಟ್ಟಿಯಲ್ಲಿ ದಾಖಲಿಸಲಾಯಿತು.

ದಾಖಲಾದೊಡನೆ ಸೇಂಟ್ ಜಾರ್ಜಿನ ಜಮೀನುದಾರರಿಗೆ ಸಿಡಿಲು ಬಡಿದಂತಾಯಿತು. ಅಮೆರಿಕದ 1973ರ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಪೀಡಿಸುವುದು, ಅದರ ನೆಲೆಯನ್ನು ಕೆಡಿಸಿ ಅದಕ್ಕೆ ಹಾನಿಯುಂಟುಮಾಡುವುದು ಸಹ ಅಪರಾಧ. ಸ್ವಂತ ಜಮೀನಿನಲ್ಲಿ ಬಿಲವಿದ್ದರೆ ಅಲ್ಲಿ ಗುದ್ದಲಿ ಹಾಕುವಂತಿಲ್ಲ. 1982ರಲ್ಲಿ ಈ ಕಾಯಿದೆಗೊಂದು ತಿದ್ದುಪಡಿ ಬಂದಿತ್ತು. ನ್ಯಾಯಸಮ್ಮತವಾದ ಬೇರೊಂದು ಕೆಲಸ ಮಾಡುವಾಗ, ಉದ್ದೇಶವಿಲ್ಲದೆ, ಆ ಕೆಲಸದ ಅಂಗವಾಗಿ ಪ್ರಾಣಿಗೆ ಹಾನಿಯಾಗುವುದಾದರೆ, ಅದಕ್ಕೆ ಪ್ರತಿಯಾಗಿ ಸಂರಕ್ಷಣೆಯ ಯೋಜನೆಯೊಂದನ್ನು ಒಪ್ಪಿಸಿ ಅನುಮತಿ ಪಡೆಯಬಹುದು. ಸಂಕಲ್ಪೀ ಹಿಂಸೆಯನ್ನೂ, ಗೃಹಸ್ಥನ ಆರಂಭ ಉದ್ಯೋಗಗಳಲ್ಲಿ ಒದಗುವ ಹಿಂಸೆಯನ್ನೂ ಬೇರೆಬೇರೆಯಾಗಿ ಕಾಣುವ ನಮ್ಮ ಶ್ರಾವಕಾಚಾರದ ಪರಿಚಯವಿದ್ದವರಿಗೆ ಈ ಭೇದ ಹೊಸದೇನಲ್ಲ. ಹೊಸದೆಂದರೆ ಆ ಎರಡನೆಯ ಹಿಂಸೆಗೂ ಅವರು ಲೆಕ್ಕ ಕೇಳಿದ್ದು. ಇಂಥ ಅನುಮತಿಯಲ್ಲಿ ಮೊದಲನೆಯದು 1983ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ಬ್ರೂನೋ ಬೆಟ್ಟದ ಪಾತರಗಿತ್ತಿಗಳ ಸಂಬಂಧದಲ್ಲಿ ದೊರೆಯಿತು.

ವಾಷಿಂಗ್ಟನ್ ಕೌಂಟಿಯು ಆ ದಾರಿಯನ್ನೇ ಆರಿಸಿತು. ಒಬ್ಬೊಬ್ಬ ಜಮೀನುದಾರನೂ ಪ್ರತ್ಯೇಕವಾಗಿ ಅಲೆದಾಡುವ ಬದಲು ಎಲ್ಲರ ಪರವಾಗಿ ಕೌಂಟಿಯೇ ಅನುಮತಿಯ ಅರ್ಜಿದಾರನಾಯಿತು. ಊರುಗಳ ಪ್ರತಿನಿಧಿಗಳು, ಮನೆ ಕಟ್ಟಿ ಮಾರುವವರು, ಪರಿಸರ ಸಂಘಗಳವರು, ರಾಜ್ಯದ ಮತ್ತು ಒಕ್ಕೂಟದ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತರು. ಐದು ವರ್ಷ ವಾದವಿವಾದ ನಡೆಯಿತು. 1996ರ ಫೆಬ್ರವರಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಕೆಂಪು ಗುಡ್ಡಗಳ ಬುಡದುದ್ದಕ್ಕೂ, ಪಶ್ಚಿಮದ ಐವಿನ್ಸ್ ಊರಿನಿಂದ ಪೂರ್ವದ ಹರಿಕೇನ್ ಊರಿನ ಕಡೆಗೆ, ಸುಮಾರು 62,000 ಎಕರೆಯ ರೆಡ್ ಕ್ಲಿಫ್ಸ್ ಮರುಭೂಮಿ ಮೀಸಲು ಪ್ರದೇಶ ಏರ್ಪಟ್ಟಿತು. ಅದರ ಹೊರಗಿನ ನೆಲದಲ್ಲಿ ಇಪ್ಪತ್ತು ವರ್ಷ ಕಟ್ಟಡಗಳಿಗೆ ಅಡ್ಡಿಯಿಲ್ಲ. ಖರ್ಚಿಗಾಗಿ ಅಭಿವೃದ್ಧಿಪಡಿಸುವ ಪ್ರತಿ ಎಕರೆಗೆ 250 ಡಾಲರ್ ಮತ್ತು ಪ್ರತಿಯೊಂದು ಹೊಸ ಕಟ್ಟಡದ ವೆಚ್ಚದ ಮೇಲೆ ಶೇಕಡಾ 0.2 ಶುಲ್ಕವನ್ನು ಕೌಂಟಿ ವಿಧಿಸಿತು. ಒಂದು ಲಕ್ಷ ಡಾಲರಿನ ಮನೆ ಕಟ್ಟುವವನು ಆಮೆಯ ಪಾಲಿಗೆ ಇನ್ನೂರು ಡಾಲರ್ ಕೊಡಬೇಕು. ಬೇಲಿ, ಕಾವಲು, ದನಗಾಹಿಗಳಲ್ಲಿ ಒಪ್ಪಿದವರಿಂದ ಮೇವಿನ ಹಕ್ಕಿನ ಖರೀದಿ ಇವೆಲ್ಲಕ್ಕೂ ಆ ಹಣ.

ಒಪ್ಪಂದದಲ್ಲಿ ಒಂದು ಸಂಖ್ಯೆಯಿದೆ. ಮೀಸಲಿನ ಹೊರಗೆ 12,264 ಎಕರೆ ಆಮೆಯ ನೆಲೆಯನ್ನು ಕಳೆಯಬಹುದು, 1,169 ಆಮೆಗಳಿಗೆ ಹಾನಿಯಾಗಬಹುದು ಎಂದು ಅಲ್ಲಿ ಬರೆದಿದೆ. ನಾನು ಬಿ.ಕಾಂ. ಓದಿದವನು, ಬದುಕಿಡೀ ಜಮಾ ಖರ್ಚು ಬರೆದವನು. ಆದರೂ ಖರ್ಚಿನ ಬದಿಯಲ್ಲಿ ಜೀವಗಳ ಸಂಖ್ಯೆಯನ್ನು ಓದುವಾಗ ಲೇಖನಿ ತಡೆಯುತ್ತದೆ. ಕಾರ್ಯತಃ ಕಟ್ಟಡದ ಜಾಗಗಳಲ್ಲಿ ಸಿಕ್ಕಿದ ಆಮೆಗಳನ್ನು ಹಿಡಿದು ಪರೀಕ್ಷಿಸಿ 1999ರಿಂದ ಮೀಸಲಿನ ಒಂದು ಭಾಗದಲ್ಲಿ ಬಿಡುತ್ತ ಬಂದರು. ಸಂಖ್ಯೆಯನ್ನು ಬರೆಯದಿದ್ದ ಕಾಲದಲ್ಲಿ ಆಮೆಗಳು ಲೆಕ್ಕವಿಲ್ಲದೆ ಸತ್ತಿದ್ದವು ಎಂಬುದನ್ನೂ ಮರೆಯುವಂತಿಲ್ಲ.

ಈಗ ಜಮೀನಿನ ವಿಷಯ. ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ಗೆರೆಯೊಳಗಿನ ನೆಲ ಯಾರದು? ಬಹುಪಾಲು ಒಕ್ಕೂಟ ಸರ್ಕಾರದ ಭೂನಿರ್ವಹಣಾ ಬ್ಯೂರೋದ್ದು. ಮಧ್ಯೆ ಮಧ್ಯೆ ಖಾಸಗಿಯವರ ಜಮೀನುಗಳಿದ್ದವು. ಇನ್ನುಳಿದದ್ದು ಶಾಲಾ ನ್ಯಾಸದ್ದು.

ಶಾಲಾ ನ್ಯಾಸವೆಂಬುದು ಅಮೆರಿಕದ ಪಶ್ಚಿಮ ರಾಜ್ಯಗಳ ಒಂದು ವಿಶೇಷ ಏರ್ಪಾಡು. ಅಲ್ಲಿ ಭೂಮಿಯನ್ನು ಮೊದಲು ಅಳೆದಾಗ ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕಗಳನ್ನಾಗಿ ವಿಭಾಗಿಸಿ, ಒಂದೊಂದನ್ನೂ ಮತ್ತೆ ಒಂದು ಚದರ ಮೈಲಿಯ, ಅಂದರೆ 640 ಎಕರೆಯ, ಮೂವತ್ತಾರು ತುಂಡುಗಳನ್ನಾಗಿ ಮಾಡಿದರು. 1896ರ ಜನವರಿಯಲ್ಲಿ ಯೂಟಾ ರಾಜ್ಯ ಸ್ಥಾಪನೆಯಾದಾಗ ಪ್ರತಿ ಚೌಕದ 2, 16, 32 ಮತ್ತು 36ನೆಯ ತುಂಡುಗಳನ್ನು ಶಾಲೆಗಳ ಪೋಷಣೆಗೆಂದು ರಾಜ್ಯಕ್ಕೆ ಕೊಡಲಾಯಿತು. ಫಲವತ್ತಾದ ರಾಜ್ಯಗಳಿಗೆ ಒಂದೋ ಎರಡೋ ತುಂಡು. ಯೂಟಾದ ನೆಲ ಒಣ ನೆಲವಾದುದರಿಂದ ನಾಲ್ಕು. ಒಂಬತ್ತರಲ್ಲಿ ಒಂದು ಪಾಲು ಶಾಲೆಗೆ ಎಂದಾಯಿತು. ಈ ಜಮೀನು ರಾಜ್ಯದ ಹೆಸರಿನಲ್ಲಿದ್ದರೂ ರಾಜ್ಯವು ಅದರ ಒಡೆಯನಲ್ಲ, ಧರ್ಮದರ್ಶಿ. ಮಾರಿದರೂ ಗುತ್ತಿಗೆಗೆ ಕೊಟ್ಟರೂ ಬಂದ ಹಣ ಕಾಯಂ ನಿಧಿಗೆ ಸೇರಬೇಕು. ನಿಧಿಯ ಆದಾಯವಷ್ಟೇ ಶಾಲೆಗಳಿಗೆ. 1967ರಲ್ಲಿ ನೆರೆಯ ಅರಿಜೋನಾ ರಾಜ್ಯದ ಹೆದ್ದಾರಿ ಇಲಾಖೆಯು ಇಂಥ ನ್ಯಾಸದ ನೆಲವನ್ನು ರಸ್ತೆಗಾಗಿ ಪುಕ್ಕಟೆ ಪಡೆಯಲು ಹೋದಾಗ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪೂರ್ಣ ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕೆಂದು ತೀರ್ಪಿತ್ತಿತು. ರಸ್ತೆಯೂ ಸಾರ್ವಜನಿಕ ಹಿತವೇ, ಶಾಲೆಯೂ ಸಾರ್ವಜನಿಕ ಹಿತವೇ; ಆದರೂ ಒಂದರ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸುರಿಯುವಂತಿಲ್ಲ. ಈ ತೀರ್ಪಿನ ಸಾರವನ್ನು ಓದಿದಾಗ ನನಗೆ ಆ ಎರಡೆಕರೆ ಗದ್ದೆ ನೆನಪಾದದ್ದು ಸಹಜ. ಅಂದಿನ ಸಭೆಯಲ್ಲಿ ಇದು ನನಗೆ ತಿಳಿದಿರಲಿಲ್ಲ, ತಿಳಿದಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ.

ಹಾಗಾಗಿ ಯೂಟಾದ ನ್ಯಾಸದವರು ಎಷ್ಟೇ ದಯಾಳುಗಳಾಗಿದ್ದರೂ ಆಮೆಗೆ ನೆಲವನ್ನು ದಾನ ಮಾಡುವಂತಿರಲಿಲ್ಲ. ದಾನ ಮಾಡಿದರೆ ಆ ದಾನದ ಖರ್ಚು ಬೀಳುತ್ತಿದ್ದುದು ಶಾಲಾ ಮಕ್ಕಳ ಮೇಲೆ. ಅತ್ತ ಆಮೆಯ ನೆಲದಲ್ಲಿ ಮನೆ ನಿವೇಶನ ಮಾಡಿ ಮಾರುವಂತೆಯೂ ಇರಲಿಲ್ಲ. ಉಳಿದದ್ದು ಅದಲುಬದಲು. ಮೀಸಲಿನೊಳಗಿನ ನ್ಯಾಸದ ತುಂಡುಗಳನ್ನು ಒಕ್ಕೂಟ ಸರ್ಕಾರ ತೆಗೆದುಕೊಳ್ಳಬೇಕು. ಮೀಸಲಿನ ಹೊರಗೆ, ಊರು ಬೆಳೆಯುವ ದಿಕ್ಕಿನಲ್ಲಿರುವ ತನ್ನ ನೆಲವನ್ನು ನ್ಯಾಸಕ್ಕೆ ಕೊಡಬೇಕು. ಅದನ್ನು ನ್ಯಾಸವು ನಿವೇಶನಗಳಾಗಿ ಮಾರಿ ಶಾಲಾ ನಿಧಿಗೆ ಹಣ ಸೇರಿಸಬೇಕು. ಖಾಸಗಿ ಜಮೀನುದಾರರಿಗೂ ಇದೇ ವ್ಯವಸ್ಥೆ. ಹತ್ತಾರು ಸಣ್ಣ ದೊಡ್ಡ ವಿನಿಮಯಗಳು ಹೀಗೆ ನಡೆದವು. ಅಲ್ಲಿಯ ನೀರು ಸರಬರಾಜಿನ ಸ್ಥಳೀಯ ಮಂಡಳಿಯೂ 1996ರ ನವೆಂಬರಿನಲ್ಲಿ ಜಾರಿಯಾದ ಕಾನೂನಿನ ಮೂಲಕ, ಆಮೆಯ ನೆಲೆಯೂ ಸೇರಿದಂತೆ ತನ್ನ ಕೆಲವು ಜಮೀನುಗಳನ್ನು ಬಿಟ್ಟುಕೊಟ್ಟು, ಸ್ಯಾಂಡ್ ಹಾಲೋ ಎಂಬಲ್ಲಿ ಒಕ್ಕೂಟದ ಮರಳುನೆಲವನ್ನು ಪಡೆಯಿತು. ಅಲ್ಲಿ ಕಟ್ಟಿದ ಜಲಾಶಯವು 2002ರಲ್ಲಿ ಪೂರ್ಣಗೊಂಡು ಇಂದು ಆ ಊರುಗಳಿಗೆ ನೀರಿನ ಒಂದು ಮುಖ್ಯ ಆಸರೆ.

ವಿನಿಮಯದ ಶಾಸ್ತ್ರ ಸರಳವೆಂದು ತೋರುತ್ತದೆ: ಬೆಲೆಗೆ ಬೆಲೆ ಸಮನಾಗಿರಬೇಕು. ಅಮೆರಿಕದ 1976ರ ಭೂನೀತಿ ಕಾಯಿದೆಯು ಹಾಗೆಯೇ ಹೇಳುತ್ತದೆ. ವ್ಯತ್ಯಾಸವಿದ್ದರೆ ಬೆಲೆಯ ನಾಲ್ಕನೆಯ ಒಂದು ಭಾಗದವರೆಗೆ ನಗದಿನಿಂದ ಸರಿದೂಗಿಸಬಹುದು. ಎಕರೆಗೆ ಎಕರೆ ಸಮನಾದರೆ ಸಾಲದು ಎಂಬುದನ್ನು ಯೂಟಾ ರಾಜ್ಯವೇ ಪೆಟ್ಟು ತಿಂದು ಕಲಿತಿತ್ತು. ಶಾಲೆಯ ಪಾಲಿನ ಕೆಲವು ತುಂಡುಗಳು ಮೊದಲೇ ಬೇರೆಯವರ ಕೈಸೇರಿದ್ದ ಕಾರಣ, ಅವುಗಳಿಗೆ ಬದಲಾಗಿ ಎಣ್ಣೆಕಲ್ಲಿನ ನಿಕ್ಷೇಪವಿದ್ದ ಸುಮಾರು 1.57 ಲಕ್ಷ ಎಕರೆಯನ್ನು ಅದು ಕೇಳಿತ್ತು. ಕಳೆದದ್ದು ಒಣ ಬಯಲು, ಕೇಳಿದ್ದು ಕೋಟಿಗಟ್ಟಲೆಯ ನಿಕ್ಷೇಪ! 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಒಕ್ಕೂಟದ ಪರವಾಗಿ, ನಾಲ್ವರು ಯೂಟಾದ ಪರವಾಗಿ ನಿಂತರು. ಬೆಲೆಯಲ್ಲಿ ಅಗಾಧ ಅಂತರವಿದ್ದರೆ ಒಕ್ಕೂಟವು ನಿರಾಕರಿಸಬಹುದೆಂದು ತೀರ್ಮಾನವಾಯಿತು.

ಹಾಗಾದರೆ ಆಮೆಯ ನೆಲದ ಬೆಲೆ ಎಷ್ಟು? ಇಡೀ ಪ್ರಕರಣದಲ್ಲಿ ಮುಖ್ಯವಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಆಮೆಯಿರುವುದರಿಂದ ಅಲ್ಲಿ ಏನೂ ಕಟ್ಟುವಂತಿಲ್ಲ. ಕಟ್ಟಲಾಗದ ನೆಲವನ್ನು ಪೇಟೆಯಲ್ಲಿ ಯಾರೂ ಕೊಳ್ಳರು. ಈ ದೃಷ್ಟಿಯಿಂದ ಬೆಲೆ ಕಟ್ಟಿದರೆ ನಾಲ್ಕು ಕಾಸು. ಆದರೆ ನೆಲ ಅಗ್ಗವಾದದ್ದು ಸರ್ಕಾರದ ಕಾನೂನಿನಿಂದ. ಆ ಅಗ್ಗದ ಬೆಲೆಗೆ ಕೊಳ್ಳಹೊರಟಿರುವುದೂ ಸರ್ಕಾರವೇ. ಮಾರುವವನ ಸರಕನ್ನು ತಾನೇ ಕೆಡಿಸಿ ಕೆಟ್ಟ ಸರಕಿನ ದರ ಕೇಳುವ ಗಿರಾಕಿಯನ್ನು ಪೇಟೆಯಲ್ಲಿ ನಾವು ಏನೆಂದು ಕರೆಯುತ್ತೇವೆ? 1996ರ ಅದೇ ಕಾನೂನಿನಲ್ಲಿ ಇದಕ್ಕೆ ಉತ್ತರ ಬಂತು: ವಾಷಿಂಗ್ಟನ್ ಕೌಂಟಿಯ ಈ ಯೋಜನೆಗಾಗಿ ಪಡೆಯುವ ಜಮೀನಿಗೆ ಬೆಲೆ ಕಟ್ಟುವಾಗ, ಅಲ್ಲಿ ಪಟ್ಟಿಯಲ್ಲಿರುವ ಜೀವಿ ಇದೆಯೆಂಬ ಸಂಗತಿಯನ್ನು ಗಣನೆಗೆ ತೆಗೆದುಕೊಳ್ಳಬಾರದು. ಇದರಿಂದ ಆಮೆಗೂ ಒಂದು ಉಪಕಾರವಾಯಿತು. ತನ್ನ ಜಮೀನಿನಲ್ಲಿ ಆಮೆಯಿದೆಯೆಂದರೆ ತಾನು ಹಾಳಾದೆನೆಂದು ತಿಳಿಯುವವನು ಬಿಲವನ್ನು ರಾತ್ರೋರಾತ್ರಿ ಮುಚ್ಚಿಸಿಯಾನು. ಆಮೆಯಿದ್ದರೂ ತನ್ನ ಬೆಲೆಗೆ ಕುಂದಿಲ್ಲವೆಂದು ತಿಳಿದವನಿಗೆ ಆ ದುರ್ಬುದ್ಧಿಗೆ ಕಾರಣವಿಲ್ಲ.

ಆದರೆ ಬೆಲೆ ಕಟ್ಟುವವನ ತಕ್ಕಡಿಯ ಮೇಲೆ ಯಾರ ಕೈಯಿದೆ ಎಂಬ ಸಂಶಯ ಭೂವಿನಿಮಯಗಳನ್ನು ಎಂದೂ ಬಿಡಲಿಲ್ಲ. ಹಣ ಕೊಟ್ಟು ಕೊಂಡರೆ ಎಷ್ಟು ಕೊಟ್ಟರೆಂಬುದು ಊರಿಗೆಲ್ಲ ಕಾಣುತ್ತದೆ. ನೆಲಕ್ಕೆ ನೆಲ ಕೊಟ್ಟರೆ ಮೋಸವು ಎರಡು ಅಂದಾಜುಗಳ ನಡುವೆ ಅಡಗಬಹುದು. 2000ದ ಜೂನಿನಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು ದೇಶದ ಭೂವಿನಿಮಯಗಳನ್ನು ಪರಿಶೀಲಿಸಿ, ಸರ್ಕಾರ ಕೊಟ್ಟ ನೆಲಕ್ಕೆ ಕಡಿಮೆಯೂ ಪಡೆದ ನೆಲಕ್ಕೆ ಹೆಚ್ಚೂ ಬೆಲೆ ಕಟ್ಟಿದ ಪ್ರಕರಣಗಳನ್ನು ಎತ್ತಿ ತೋರಿಸಿತು. ಈ ಪದ್ಧತಿಯನ್ನೇ ನಿಲ್ಲಿಸುವುದನ್ನು ಪರಿಗಣಿಸಬೇಕೆಂದೂ ಸಂಸತ್ತಿಗೆ ಸೂಚಿಸಿತು. 2002ರಲ್ಲಿ ಯೂಟಾದಲ್ಲಿಯೇ ಸ್ಯಾನ್ ರಫಾಯೆಲ್ ಪ್ರದೇಶದ ದೊಡ್ಡದೊಂದು ವಿನಿಮಯ, ಬ್ಯೂರೋದ ಬೆಲೆ ಕಟ್ಟುವ ಅಧಿಕಾರಿಗಳೇ ಆಕ್ಷೇಪವೆತ್ತಿದ್ದರಿಂದ ಮುರಿದುಬಿತ್ತು. ಮರುವರ್ಷ ಬೆಲೆ ಕಟ್ಟುವ ಕೆಲಸವನ್ನು ವಿನಿಮಯ ಮಾಡುವ ಬ್ಯೂರೋದ ಕೈಯಿಂದ ತೆಗೆದು ಪ್ರತ್ಯೇಕ ವಿಭಾಗಕ್ಕೆ ಒಪ್ಪಿಸಿದರು. ತೂಗುವವನೂ ಮಾರುವವನೂ ಒಬ್ಬನೇ ಆಗಬಾರದೆಂಬುದನ್ನು ತಿಳಿಯಲು ಅಷ್ಟು ದೊಡ್ಡ ದೇಶಕ್ಕೆ ಅಷ್ಟು ಕಾಲ ಬೇಕಾಯಿತೇ ಎಂದು ಆಶ್ಚರ್ಯವಾಗುತ್ತದೆ. ನಮ್ಮ ಟ್ರಸ್ಟುಗಳಲ್ಲಿಯೂ ಜಮೀನಿನ ಬೆಲೆಯನ್ನು ಟ್ರಸ್ಟಿಗಳ ಪೈಕಿ ಒಬ್ಬರೇ ಬಾಯಿಮಾತಿನಲ್ಲಿ ಹೇಳಿ, ಉಳಿದವರು ತಲೆದೂಗಿದ ಸಭೆಗಳನ್ನು ನಾನು ಕಂಡಿರುವುದರಿಂದ ಹೆಚ್ಚು ಹೇಳಲು ಸಂಕೋಚ.

ಇನ್ನು ಖಾಸಗಿ ಜಮೀನುದಾರರು. ಅವರ ಕಥೆ ಅಷ್ಟು ಸುಖದ್ದಲ್ಲ. ನ್ಯಾಸಕ್ಕೆ ಸರ್ಕಾರದೊಡನೆ ಮಾತನಾಡುವ ಶಕ್ತಿಯಿತ್ತು. ಒಂಟಿ ಜಮೀನುದಾರನಿಗೆ ಅಷ್ಟಿರಲಿಲ್ಲ. ಊರು ಬೆಳೆದಂತೆ ಅವರ ಜಮೀನಿನ ಬೆಲೆ ಏರುತ್ತ ಹೋಯಿತು; ಅದಕ್ಕೆ ಸರಿಸಮನಾಗಿ ಕೊಡಲು ಒಕ್ಕೂಟದ ಬಳಿ ಆ ಕೌಂಟಿಯಲ್ಲಿ ಉಳಿದಿದ್ದ ಒಳ್ಳೆಯ ನೆಲ ಕರಗುತ್ತ ಬಂತು. ವಿನಿಮಯ ನಿಧಾನವಾದಾಗ ಸಂರಕ್ಷಣೆಗೆಂದು ಮಂಜೂರಾಗುವ ಒಕ್ಕೂಟದ ನಿಧಿಯಿಂದ ನಗದು ಖರೀದಿಗಳಾದವು. ಅವು ವರ್ಷಕ್ಕಿಷ್ಟೆಂದು ತೊಟ್ಟಿಕ್ಕುವ ಹಣ. ಇಪ್ಪತ್ತು ವರ್ಷ ಕಳೆದರೂ ತಮ್ಮ ಪೂರ್ಣ ಪ್ರತಿಫಲವನ್ನು ಕಾಣದೆ ಕಾಯುತ್ತ ಕುಳಿತವರಿದ್ದರು. ಆಮೆಯು ಉಳಿಯಿತೆಂದು ಹೊಗಳುವ ಬರಹಗಳಲ್ಲಿ ಇವರ ಹೆಸರು ಬರುವುದಿಲ್ಲ. ಒಬ್ಬನ ಸ್ವತ್ತನ್ನು ಹಿಡಿದಿಟ್ಟು, ಕೊಡುತ್ತೇವೆಂದು ಹೇಳಿ, ಕೊಡದೆ ದಿನ ದೂಡಿದರೆ ಅದು ಅಚೌರ್ಯವ್ರತಕ್ಕೆ ಸಲ್ಲುವ ನಡತೆಯೇ? ಜೀವದಯೆಯ ಹೆಸರಿನಲ್ಲಿ ನಡೆದುದರಿಂದ ಅದರ ಸ್ವರೂಪ ಬದಲಾಗುತ್ತದೆಂದು ನನಗೆ ತೋರುವುದಿಲ್ಲ. ಆ ಬಾಕಿಯನ್ನು ಕೊಟ್ಟವರು ಯಾರೆಂದರೆ, ಆಮೆಯ ಜೊತೆ ಊರಿನ ಇನ್ನೆಲ್ಲರಿಗೂ ಅನುಕೂಲವಾದಾಗ ತಾವು ಮಾತ್ರ ಕೈಕಟ್ಟಿ ಕುಳಿತ ಈ ಕೆಲವರು.

ಆಮೆಗಳಾದರೂ ಸುಖವಾಗಿದ್ದವೇ? ಬೇಲಿ, ಕಾವಲುಗಳು ಮನೆಗಳನ್ನೂ ದನಗಳನ್ನೂ ತಡೆದವು, ಬೆಂಕಿಯನ್ನು ತಡೆಯಲಿಲ್ಲ. ಹೊರಗಿನಿಂದ ಬಂದು ಬೇರೂರಿದ ಒಂದು ಬಗೆಯ ಹುಲ್ಲು ಮಳೆ ಹೆಚ್ಚಾದ ವರ್ಷ ಪೊದೆಗಳ ನಡುವಿನ ಬರಿನೆಲವನ್ನೆಲ್ಲ ತುಂಬಿ, ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ. ಮೊದಲು ಒಂದು ಪೊದೆಗೆ ಬಿದ್ದ ಕಿಡಿ ಅಲ್ಲಿಯೇ ಆರುತ್ತಿತ್ತು. ಈಗ ಪೊದೆಯಿಂದ ಪೊದೆಗೆ ಓಡುತ್ತದೆ. 2005ರ ಕಾಳ್ಗಿಚ್ಚುಗಳಲ್ಲಿ ಮೀಸಲಿನ ಸುಮಾರು ಕಾಲುಭಾಗ ಸುಟ್ಟಿತು, ಅನೇಕ ಆಮೆಗಳು ಸತ್ತವು. 2020ರ ಜುಲೈನಲ್ಲಿ ಮತ್ತೊಮ್ಮೆ ಸುಮಾರು 12,000 ಎಕರೆ ಬೆಂಕಿಗಾಹುತಿಯಾಯಿತು. ಬರಗಾಲವೂ ರೋಗವೂ ಸೇರಿ, ಯೋಜನೆಯ ಮೊದಲ ಎರಡು ದಶಕಗಳಲ್ಲಿ ಮೀಸಲಿನ ಆಮೆಗಳ ಸಂಖ್ಯೆ ಸುಮಾರು ಶೇಕಡಾ 40ರಷ್ಟು ಇಳಿಯಿತೆಂದು ರಾಜ್ಯದ ವನ್ಯಜೀವಿ ಇಲಾಖೆಯ ಗಣತಿಗಳು ತೋರಿಸಿದವು. ಒಪ್ಪಂದವಾದ ವರ್ಷದಲ್ಲಿ ಹುಟ್ಟಿದ ಮರಿಯೊಂದು ಬದುಕುಳಿದಿದ್ದರೆ, ಇಪ್ಪತ್ತು ವರ್ಷದ ಅನುಮತಿಯ ಅವಧಿ 2016ರಲ್ಲಿ ಮುಗಿಯುವಾಗ ಅದು ತಾನೇ ಮೊದಲ ಸಲ ಮೊಟ್ಟೆಯಿಡುವ ವಯಸ್ಸಿಗೆ ಬಂದಿರುತ್ತಿತ್ತು. ನಮ್ಮ ಕರಾರುಗಳ ಅವಧಿಯೂ ಆಮೆಯ ಆಯುಷ್ಯವೂ ಬೇರೆ ಬೇರೆ ಪಂಚಾಂಗಗಳಿಗೆ ಸೇರಿದವು.

2009ರ ಮಾರ್ಚಿನಲ್ಲಿ ಸಂಸತ್ತು ಮೀಸಲಿನೊಳಗಿನ ಒಕ್ಕೂಟದ ನೆಲದಲ್ಲಿ ಸುಮಾರು 45,000 ಎಕರೆಯನ್ನು ರೆಡ್ ಕ್ಲಿಫ್ಸ್ ರಾಷ್ಟ್ರೀಯ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ಇನ್ನು ಇದು ಶಾಶ್ವತವಾಯಿತೆಂದು ಹಲವರು ನೆಮ್ಮದಿಪಟ್ಟರು. ಆದರೆ ಅದೇ ಕಾನೂನಿನಲ್ಲಿ, ಕೌಂಟಿಯ ಉತ್ತರ ಭಾಗಕ್ಕೆ ಒಂದು ರಸ್ತೆಯ ಮಾರ್ಗವನ್ನು ಪರಿಶೀಲಿಸಬೇಕೆಂಬ ಮಾತೂ ಇತ್ತು. ಊರಿನ ವಾಹನ ಸಂದಣಿ ಹೆಚ್ಚಿದಂತೆ ಕೌಂಟಿಯು ಮೀಸಲಿನ ಮಧ್ಯದಲ್ಲಿಯೇ ನಾಲ್ಕು ಸಾಲಿನ ಹೆದ್ದಾರಿಯನ್ನು ಕೇಳಿತು. ಆಮೆಯ ನೆಲವನ್ನು ಕಾಯುತ್ತೇನೆಂದು 1996ರಲ್ಲಿ ಸಹಿ ಹಾಕಿದ್ದ ಕೌಂಟಿ ಅದೇ. ಪ್ರತಿಯಾಗಿ ಅದು ಮುಂದಿಟ್ಟದ್ದು ಮತ್ತೊಂದು ವಿನಿಮಯ: ಸೇಂಟ್ ಜಾರ್ಜಿನ ನೈರುತ್ಯಕ್ಕೆ ಸುಮಾರು 6,800 ಎಕರೆಯನ್ನು ಮೀಸಲಿನ ಆರನೆಯ ವಲಯವೆಂದು ಸೇರಿಸೋಣ, ರಸ್ತೆ ಬಿಡಿ. 2021ರ ಜನವರಿಯಲ್ಲಿ ರಸ್ತೆಗೆ ಅನುಮತಿಯೂ, ಅದರೊಡನೆ ಆರನೆಯ ವಲಯವೂ, ಹಳೆಯ ಯೋಜನೆಗೆ ಇನ್ನಿಪ್ಪತ್ತೈದು ವರ್ಷಗಳ ನವೀಕರಣವೂ ದೊರೆತವು.

ಈ ಎರಡನೆಯ ವಿನಿಮಯವನ್ನು ಮೊದಲನೆಯದರಂತೆಯೇ ಎಣಿಸಬಹುದೇ? ರಸ್ತೆಗೆ ಬೇಕಾದ ನೆಲ ಕೆಲವು ನೂರು ಎಕರೆಯನ್ನು ಮೀರದು, ಸಿಗುವುದು ಆರು ಸಾವಿರಕ್ಕೂ ಹೆಚ್ಚು. ಎಕರೆಯ ಲೆಕ್ಕದಲ್ಲಿ ಆಮೆಗೆ ಲಾಭವೇ. ಕೌಂಟಿಯವರ ವಾದವೂ ಅದೇ ಆಗಿತ್ತು. ಅದನ್ನು ಪೊಳ್ಳು ವಾದವೆಂದು ನಾನು ತಳ್ಳಿಹಾಕುವುದಿಲ್ಲ. ಆದರೆ 1996ರಲ್ಲಿ ಆಮೆಗೆ ಬಿಟ್ಟ ನೆಲಕ್ಕೆ ಒಮ್ಮೆ ಬೆಲೆ ಸಂದಾಯವಾಗಿತ್ತು. ಅದಕ್ಕೆ ಪ್ರತಿಯಾಗಿ ಸಾವಿರಾರು ಎಕರೆಗಳಲ್ಲಿ ಮನೆಗಳೆದ್ದಿದ್ದವು. ಮನೆಗಳನ್ನು ಹಿಂದಕ್ಕೆ ಕೊಡುವವರಿಲ್ಲ. ಹಾಗಿರುವಾಗ ಒಮ್ಮೆ ಮಾರಿ ಹಣ ಎಣಿಸಿಕೊಂಡ ಸರಕನ್ನು ಮತ್ತೆ ತಕ್ಕಡಿಗೆ ಹಾಕುವುದು ಯಾವ ವ್ಯಾಪಾರ? ಪರಿಸರ ಸಂಘಗಳು 2021ರಲ್ಲಿಯೇ ನ್ಯಾಯಾಲಯಕ್ಕೆ ಹೋದವು. 2023ರಲ್ಲಿ ವಿಷಯ ಮರುಪರಿಶೀಲನೆಗೆ ಬಂತು. 2024ರ ಡಿಸೆಂಬರಿನಲ್ಲಿ ರಸ್ತೆಯ ಅನುಮತಿಯನ್ನು ಹಿಂತೆಗೆಯಲಾಯಿತು. ಅಲ್ಲಿಗೂ ಜಗಳ ಮುಗಿಯಲಿಲ್ಲ.

ಏಕೆಂದರೆ ಆರನೆಯ ವಲಯವನ್ನು ಸೇರಿಸಿದ್ದು ರಸ್ತೆಗೆ ಪ್ರತಿಯಾಗಿ; ರಸ್ತೆಯಿಲ್ಲವೆಂದಾಗ ವಲಯದ ಭರವಸೆಯೂ ಸಡಿಲಗೊಂಡಿತು. ಅಲ್ಲಿಯೂ ಆಮೆಗಳಿವೆ, ಜೊತೆಗೆ ಆ ಕೌಂಟಿಯ ಹೊರತು ಜಗತ್ತಿನಲ್ಲಿ ಬೇರೆಲ್ಲಿಯೂ ಬೆಳೆಯದ, ವಿನಾಶದಂಚಿನಲ್ಲಿರುವ ಬಿಳಿ ಹೂವಿನ ಒಂದು ಗಿಡವೂ ಆ ಕಡೆಯ ಮಣ್ಣಿನಲ್ಲಿದೆ. ಮತ್ತು 2021ರಲ್ಲಿ ವಲಯವನ್ನು ಗುರುತಿಸಿದಾಗ ಅದರ ಹತ್ತಿರಹತ್ತಿರ ಅರ್ಧದಷ್ಟು ನೆಲ ಶಾಲಾ ನ್ಯಾಸದ ಹೆಸರಿನಲ್ಲಿತ್ತು.